ನಾಲ್ಕು ಚಪ್ಪಾಳೆಯ ಜಾಗ

ಕಿಟಕಿಯ ಗಾಜು ಸಡಿಲಾಗಿದೆ, ಬಸ್ಸು ಕುಣಿದಾಗಲೆಲ್ಲ ಸುಮ್ಮನೆ, ಟಕ್, ಸುಮ್ಮನೆ, ಟಕ್ — ಮೊದಲ ಪೆಟ್ಟನ್ನು ಬಿಟ್ಟು ಎರಡನೆಯದಕ್ಕೆ, ತಪ್ಪದೆ ಎರಡನೆಯದಕ್ಕೇ, ಥೇಟ್ ಲಾಸಿನಾನ ಗಿಟಾರಿನ ಹಾಗೆ, ಈ ಗಾಜಿಗೆ ರೆಗ್ಗೆ ಕಲಿಸಿದವರು ಯಾರು, ತೊರವಿ ದಾಟಿದ ಮೇಲಿನ ಗುಂಡಿಗಳು, ಗುಂಡಿಯ ತಾಳ, ಗುಂಡಿಗೆಯ ತಾಳ, ಬೇಡ ಜುಬೇರ, ಇವತ್ತು ಶ್ಲೇಷೆ ಬೇಡ, ಇವತ್ತೊಂದು ದಿನ ನಾಲಿಗೆಯನ್ನು ಹಲ್ಲಿನ ಹಿಂದೆ ಇಟ್ಟುಕೋ, ಈ ನಾಲಿಗೆಯಿಂದಲೇ ಅಲ್ಲವೇ ಎಲ್ಲ ಆದದ್ದು. ಎಡಗಿವಿಯ ಇಯರ್‌ಫೋನು ಸತ್ತು ಎರಡು ತಿಂಗಳಾಯಿತು, ಬಲಗಿವಿಯೊಂದರಲ್ಲೇ ಹಾಡು, ಮೂರು ನಿಮಿಷ ನಲವತ್ತು ಸೆಕೆಂಡಿನ ಹಾಡು, ವಿಜಯಪುರದ ಬಸ್‌ಸ್ಟ್ಯಾಂಡಿನಿಂದ ಇಲ್ಲಿಗೆ ನಾಲ್ಕನೆಯ ಸಲ, ನಾಲ್ಕು ಸಲವೂ ಎರಡು ನಿಮಿಷ ಹತ್ತು ಸೆಕೆಂಡಿಗೆ ಮುಟ್ಟುವ ಮುಂಚೆ ಕಿವಿಯಿಂದ ಕಿತ್ತಿದ್ದೇನೆ, ಯಾಕೆಂದರೆ ಎರಡು-ಹತ್ತಕ್ಕೆ ನಾವು ಬರುತ್ತೇವೆ, ನಾನು, ಪಿಕಪ್ ಗಾಡಿಯ ಪಾಂಡು, ಮಣೂಕ, ಅಂದರೆ ಒಣದ್ರಾಕ್ಷಿ, ಆರಿಸುವ ಸಖೂಬಾಯಿ ಮತ್ತು ಆಕೆಯ ಜೊತೆಯ ಹನ್ನೆರಡು ಹೆಣ್ಣುಮಕ್ಕಳು, ಮಾಲಕರಾದ ಖಂಡಪ್ಪನವರ ಮೂಗಿನ ನಗು, ಟಿಕೋಟಾದ ನಾವೆಲ್ಲ ಸಮುದ್ರ ದಾಟಿ ಆಫ್ರಿಕಾದ ಒಂದು ಸಾವಿನ ಹಾಡಿನೊಳಗೆ ಇಳಿದು ಚಪ್ಪಾಳೆ ತಟ್ಟಿ ನಗುತ್ತೇವೆ. ಇವತ್ತು ಶುಕ್ರವಾರ. ಜುಮ್ಮಾ ಮುಗಿಸಿ ಸ್ಟೇಷನ್ ರಸ್ತೆಯ ಮಸೀದಿಯ ಮೆಟ್ಟಿಲ ಮೇಲೆ ಚಪ್ಪಲಿ ಹುಡುಕುತ್ತಿದ್ದೆ, ಫೋನು ನಡುಗಿತು, ಆಫ್ರಿಕಾದಿಂದ ಲಾಸಿನಾ ಹಾಡು ಕಳಿಸಿದ್ದ, ಅದರ ಕೆಳಗೆ ಅವನ ದನಿ — ತಮ್ಮಾ, ಮುಗಿಯಿತು, ನನ್ನ ತಂಗಿ ಬಿಂತೂಳ ಜಾಗದಲ್ಲಿ ನಿನ್ನ ಜನರನ್ನು ಕೂರಿಸಿದ್ದೇನೆ, ಇವತ್ತು ಅವಳು ಹೋಗಿ ಒಂದು ವರ್ಷ, ನಮಾಜಿನ ನಂತರ ಅಂಗಳದಲ್ಲಿ ದುವಾ, ದುವಾ ಆದಮೇಲೆ ದೊಡ್ಡ ಸ್ಪೀಕರ್ ಡಬ್ಬದಲ್ಲಿ ಹಾಡು ಹಾಕುತ್ತೇನೆ, ನಮ್ಮಮ್ಮ ಕೇಳುತ್ತಾಳೆ, ಇಡೀ ಓಣಿ ನಿನ್ನ ಊರನ್ನು ಕೇಳುತ್ತದೆ. ಚಪ್ಪಲಿ ಸಿಕ್ಕಿತು, ಕಾಲು ಸಿಗಲಿಲ್ಲ. ಇಲ್ಲಿ ಈಗ ಎರಡೂ ಮುಕ್ಕಾಲು, ಅಲ್ಲಿ ಬೆಳಿಗ್ಗೆ ಒಂಬತ್ತೂ ಕಾಲು, ಅವರ ನಮಾಜು ಮುಗಿಯುವಾಗ ನಮಗೆ ಏಳು, ಏಳರೊಳಗೆ ಹೇಳಬೇಕು, ಹೇಳುವುದು ಏನು, ಹೇಗೆ, ಯಾರ ದನಿಯಲ್ಲಿ, ಸುಮ್ಮನೆ, ಟಕ್, ಸುಮ್ಮನೆ, ಟಕ್.

ನನ್ನನ್ನು ಅಲ್ಲಿಗೆ ಕಳಿಸಿದ್ದೇ ಖಂಡಪ್ಪನವರ ತಪ್ಪು ತಿಳುವಳಿಕೆ. ನಮ್ಮ ಮಣೂಕದ ಕಂಟೇನರು ಐವರಿ ಕೋಸ್ಟಿನ ಅಬಿಜಾನ್ ಬಂದರಿನಲ್ಲಿ ನಿಂತಿತ್ತು, ಗಂಧಕದ ಅಂಶ ಹೆಚ್ಚಿದೆ, ಪರೀಕ್ಷೆ ಆಗಬೇಕು, ನಿಮ್ಮವರು ಒಬ್ಬರು ಬಂದು ನಿಲ್ಲಿ ಅಂತ ಪತ್ರ, ಖಂಡಪ್ಪನವರಿಗೆ ವಿಮಾನವೆಂದರೆ ನೆಲದ ಮೇಲೆಯೇ ಎದೆ ಹಾರುತ್ತದೆ, ಜುಬೇರ, ನೀನ ಹೋಗಿ ಬಾರೋ, ನಿನಗ ಎಲ್ಲಾರ ಭಾಷಾ ಬರ್ತಾವಲ್ಲ. ಸಾಹುಕಾರ್ರ, ಅದು ಭಾಷಾ ಅಲ್ರಿ, ಬರೇ ದನಿ. ದನಿ ಬಂದ್ರ ಭಾಷಾ ಬಂದಂಗ ಬಿಡು, ಮುಂಬೈ ಏಜೆಂಟನ ಗತೆ ಮಾತಾಡಿದಿ ಅಂದ್ರ ಅವನ ಹೇಣತೀನೂ ಚಾ ಕೊಡ್ತಾಳ ನಿನಗ. ಅವರು ಹೇಳುವುದು ಸುಳ್ಳೂ ಅಲ್ಲ, ಮುಂಬೈ ಏಜೆಂಟು, ತಮಿಳುನಾಡಿನ ಲಾರಿ ಡ್ರೈವರು, ಗ್ರೇಡಿಂಗ್ ಮಷಿನ್ ಮಾರುವ ಚೀನಾದವನು, ಕಾಲೇಜಿನ ಪ್ರಿನ್ಸಿಪಾಲರು, ಖುದ್ದು ಖಂಡಪ್ಪನವರು, ಎಲ್ಲರೂ ನನ್ನ ಗಂಟಲಿನಲ್ಲಿ ಬಾಡಿಗೆಗೆ ಇದ್ದಾರೆ, ಬಿ.ಕಾಂ. ಮೂರು ವರ್ಷದಲ್ಲಿ ನಾನು ನಿಜವಾಗಿ ಪಾಸಾದದ್ದು ಅದರಲ್ಲೇ. ಹೀಗೆ ಫೆಬ್ರವರಿಯಲ್ಲಿ, ಎರಡು ಕಿಲೋ ಮಣೂಕದ ಸ್ಯಾಂಪಲ್ ಚೀಲ ಹಿಡಿದು, ಅಬಿಜಾನಿನ ವಿಮಾನ ನಿಲ್ದಾಣದ ಹೊರಗೆ, ನಮ್ಮ ಏಪ್ರಿಲ್ಲನ್ನು ನೀರಲ್ಲಿ ನೆನೆಸಿದಂಥ ಸೆಕೆಯಲ್ಲಿ ನಿಂತಿದ್ದೇನೆ, ಕಿತ್ತಳೆ ಬಣ್ಣದ ಟ್ಯಾಕ್ಸಿ ಬಂದು ನಿಲ್ಲುತ್ತದೆ, ಒಳಗೆ ಕೂರುತ್ತೇನೆ, ಹಾಡು. ರೆಗ್ಗೆ ನನಗೆ ಗೊತ್ತಿತ್ತು, ಹಾಸ್ಟೆಲಿನಲ್ಲಿ ಜಟೆಗಾರನ ಚಿತ್ರದ ಅಂಗಿ ಹಾಕಿಕೊಂಡು ತಿರುಗಿದವರು ನಾವು, ರೆಗ್ಗೆ ಅಂದರೆ ಇಂಗ್ಲಿಷು, ಇಂಗ್ಲಿಷು ಬಿಟ್ಟರೆ ರೆಗ್ಗೆ ಇಲ್ಲ ಅಂದುಕೊಂಡಿದ್ದೆ, ಇದು ಅದೇ ನಡಿಗೆ, ಅದೇ ಕುಂಟು ಗಿಟಾರು, ಆದರೆ ಮಾತು ಬೇರೆ, ರಕಾರವನ್ನು ಉಪ್ಪುನೀರಿನ ಹಾಗೆ ಗಂಟಲಲ್ಲಿ ಗುಳಗುಳಿಸುವ ಮಾತು, ಮೂಗಿನಲ್ಲಿ ಬಾಗಿಲು ಹಾಕಿಕೊಳ್ಳುವ ಮಾತು, ಇದೇನು ಅಂದೆ, ಫ್ರೆಂಚ್ ಅಂದ ಡ್ರೈವರು, ಕನ್ನಡಿಯಲ್ಲಿ ನನ್ನನ್ನು ನೋಡಿದ, ರೆಗ್ಗೆಗೆ ಪಾಸ್‌ಪೋರ್ಟು ಬೇಡ ತಮ್ಮಾ, ನಿನಗೆ ಬೇಕಾಯಿತು. ಅವನ ಇಂಗ್ಲಿಷ್ ಪೂರ್ತಿ ಹಾಡುಗಳಿಂದ ಕಲಿತದ್ದು, ಬಲಕ್ಕೆ ತಿರುಗು ಅನ್ನುವುದನ್ನೂ ಕ್ರಾಂತಿ ಮಾಡು ಅನ್ನುವ ಹಾಗೆ ಹೇಳುತ್ತಿದ್ದ. ಅವನೇ ಲಾಸಿನಾ. ಹನ್ನೊಂದು ದಿನ, ಪ್ರಯೋಗಾಲಯದ ವರದಿ ನಾಳೆ, ನಾಳೆ, ನಾಳೆ, ಮುಂಜಾನೆ ಅವನ ಟ್ಯಾಕ್ಸಿಯಲ್ಲಿ ಬಂದರಿಗೆ, ಸಂಜೆ ಅವನ ಟ್ಯಾಕ್ಸಿಯಲ್ಲಿ ವಾಪಸ್ಸು, ನಡುವೆ ಹಾಡು, ಅವನು ಕಲಿಸಿದ — ನೋಡು, ಮೊದಲ ಪೆಟ್ಟು ಹೊಡೆಯಬೇಡ, ಬಿಟ್ಟುಬಿಡು, ಅದು ಇಲ್ಲದವರದು, ಎರಡನೆಯದು ನಮ್ಮದು. ನಾನು ತಲೆಯಾಡಿಸಿದೆ, ತಾಳ ಹಿಡಿದೆ, ಅವನ ರಕಾರವನ್ನೂ ಹಿಡಿದೆ, ನಾಲ್ಕನೆಯ ದಿನಕ್ಕೇ ಅವನ ಗಂಟಲು ನನ್ನ ಗಂಟಲಿನಲ್ಲಿ ಹಾಸಿಗೆ ಬಿಚ್ಚಿತ್ತು, ಅವನಿಗೆ ತೋರಿಸಲಿಲ್ಲ.

ಐದನೆಯ ದಿನ, ಹೌದು ಐದನೆಯ ದಿನ, ಬಂದರಿನ ಗೇಟಿನೆದುರು ಗಾಡಿ ನಿಲ್ಲಿಸಿ ಎಂಜಿನ್ ಆರಿಸಿದ. ರಸ್ತೆ ಬದಿಗೆ ಎಣ್ಣೆಯ ಕಪ್ಪು ಕಲೆ, ಮಳೆಗೂ ಹೋಗದಂಥದು. ಇಲ್ಲಿ ನನ್ನ ತಂಗಿ ಬಾಳೆಕಾಯಿ ಕರಿದು ಮಾರುತ್ತಿದ್ದಳು, ಬಿಂತೂ, ಕಂಟೇನರು ಹೊತ್ತ ಲಾರಿ ಹಿಂದಕ್ಕೆ ಬಂತು, ಅಷ್ಟೆ. ಅಷ್ಟೆ ಅಂದ. ಇನ್ನಾ ಲಿಲ್ಲಾಹಿ ಅಂದೆ ನಾನು, ಸಾವು ಕೇಳಿದಾಗ ಅನ್ನುವ ಮಾತು, ಅವನೂ ಅಂದ, ಅಬಿಜಾನಿನವನು ಮತ್ತು ಟಿಕೋಟಾದವನು ಒಂದೇ ಉಸಿರಿನಲ್ಲಿ ಒಂದೇ ಮಾತು, ನಡುವೆ ಯಾವ ಅನುವಾದವೂ ಬೇಕಾಗಲಿಲ್ಲ, ಅದನ್ನು ನೆನಪಿಟ್ಟುಕೋ ಜುಬೇರ, ಅದನ್ನು ಕೇಳಿದ ಮೇಲೂ ನೀನು ಅದನ್ನು ಮಾಡಿದೆ. ಆಮೇಲೆ ಅವನು ತನ್ನ ಹಾಡು ಹಾಡಿದ, ತಾನೇ ಕಟ್ಟಿದ್ದು, ಸ್ಟೀರಿಂಗಿನ ಮೇಲೆ ಬೆರಳಿನಿಂದ ಎರಡನೆಯ ಪೆಟ್ಟು, ನಾಲ್ಕನೆಯ ಪೆಟ್ಟು, ದನಿ ಮೇಲೆ ಹೋಗುತ್ತ ಹೋಗುತ್ತ ಒಂದು ಕಡೆ ನಿಂತುಬಿಟ್ಟಿತು, ನಿಂತಾಗ ಅವನು ಎರಡೂ ಕೈಗಳನ್ನು ಸ್ಟೀರಿಂಗಿನಿಂದ ಎತ್ತಿದ, ಅಂಗೈಗೆ ಅಂಗೈ ಎದುರು, ನಡುವೆ ಒಂದು ಗೇಣು, ಇನ್ನೇನು ತಟ್ಟುತ್ತಾನೆ ಅಂದುಕೊಂಡೆ, ತಟ್ಟಲಿಲ್ಲ. ನಾಲ್ಕು ಎಣಿಕೆ. ಕೈಗಳು ಗಾಳಿಯಲ್ಲಿ. ಮತ್ತೆ ಸ್ಟೀರಿಂಗಿಗೆ ಇಳಿಸಿ ಹಾಡು ಮುಂದುವರಿಸಿದ. ಚಿಕ್ಕವರಿದ್ದಾಗ ಎಣ್ಣೆ ಡಬ್ಬಕ್ಕೆ ತಂತಿ ಕಟ್ಟಿ ಇವನು ಬಾರಿಸುತ್ತಿದ್ದ, ಆ ಜಾಗದಲ್ಲಿ ಬಿಂತೂ ನಾಲ್ಕು ಚಪ್ಪಾಳೆ ತಟ್ಟುತ್ತಿದ್ದಳು, ಯಾವಾಗಲೂ ಸ್ವಲ್ಪ ತಡವಾಗಿ, ಬೈದರೆ ನಕ್ಕು ಇನ್ನೂ ತಡ ಮಾಡುತ್ತಿದ್ದಳು. ಡ್ರಮ್ಮು ಬಾರಿಸುವ ಗೆಳೆಯ ಆ ಜಾಗ ತುಂಬಿಸೋಣ ಅಂದನಂತೆ, ಅವನೊಡನೆ ಮಾತು ಬಿಟ್ಟನಂತೆ ಇವನು. ಹಾಡಿನ ಆ ಸಾಲನ್ನು ಫೋನಿನಲ್ಲಿ ಅನುವಾದ ಮಾಡಿ ತೋರಿಸಿದ, ಫೋನಿನ ಕನ್ನಡ ಎಂಥದೋ ಇರುತ್ತದಲ್ಲ, ಆದರೂ ತಿಳಿಯಿತು — ಬಿಂತೂ, ನಿನ್ನ ನಾಲ್ಕನ್ನು ನಿನಗೇ ಇಟ್ಟಿದ್ದೇನೆ, ಯಾರೂ ಮುಟ್ಟುವುದಿಲ್ಲ. ಮತ್ತು ಅದೇ ಸಂಜೆ ನನ್ನ ಕೈ ಹಿಡಿದು ಅವನು ಕೇಳಿದ್ದು ಇಷ್ಟೇ, ಅಷ್ಟು ದೊಡ್ಡ ಕಣ್ಣಿನ ಮನುಷ್ಯ ಇಷ್ಟೇ ಕೇಳಿದ — ನಾನು ಒಂಬತ್ತು ವರ್ಷದವನಿದ್ದಾಗ ಜಮೈಕಾದವರ ಹಾಡು ಕೇಳಿ ಅತ್ತೆ, ಒಂದು ಶಬ್ದವೂ ತಿಳಿದಿರಲಿಲ್ಲ, ಆದರೂ ಮುಟ್ಟಿತು, ನನ್ನದು ಹಾಗೆ ಮುಟ್ಟುತ್ತದೋ ಇಲ್ಲವೋ ಗೊತ್ತಿಲ್ಲ, ಇಲ್ಲಿ ಎಲ್ಲರಿಗೂ ಫ್ರೆಂಚ್ ಗೊತ್ತು, ಎಲ್ಲರಿಗೂ ಬಿಂತೂ ಗೊತ್ತು, ನಿನ್ನ ಊರಲ್ಲಿ ಎರಡೂ ಗೊತ್ತಿಲ್ಲ, ಅಲ್ಲಿ ಇದನ್ನು ಹಾಕು, ಏನೂ ಹೇಳಬೇಡ, ಅವರು ಏನು ಅನ್ನುತ್ತಾರೋ ಅದನ್ನು ನನಗೆ ಕಳಿಸು, ಏನಾದರೂ ಸರಿ. ರೆಕಾರ್ಡ್ ಮಾಡಿದ ಹಾಡನ್ನು ನನ್ನ ಫೋನಿಗೆ ಹಾಕಿಕೊಟ್ಟ, ನಾನು ಎದೆಯ ಮೇಲೆ ಕೈಯಿಟ್ಟೆ. ಇನ್‌ಶಾ ಅಲ್ಲಾ ಅಂದೆ. ಮಣೂಕ ಪಾಸಾಯಿತು, ಉಳಿದ ಸ್ಯಾಂಪಲ್ ಚೀಲವನ್ನು ಅವನ ತಾಯಿಗೆ ಕೊಟ್ಟು ಬಂದೆ, ಆಕೆ ಒಂದು ಮಣೂಕ ಬಾಯಿಗೆ ಹಾಕಿ ನನ್ನ ತಲೆ ಸವರಿದಳು.

ಕಂಡಕ್ಟರ್ ಬರುತ್ತಿದ್ದಾನೆ, ಆಧಾರ್ ತೋರಸ್ರಿ ಯಕ್ಕಾ, ಫೋಟೋದಾಗ ನೀವ ಅದೀರೇನ್ರಿ ಇದು, ನಿಮ್ಮ ಸೊಸೀದು ತಂದೀರಿ ನೋಡ್ರಿ, ಮುಂದಿನ ಸೀಟಿನ ಮುದುಕಿ ನಗುತ್ತಾಳೆ, ಈ ಕಂಡಕ್ಟರನ ದನಿಯೂ ಚೆನ್ನಾಗಿದೆ, ಕೊನೆಯ ಅಕ್ಷರವನ್ನು ಎಳೆದು ಮೇಲಕ್ಕೆ ಎಸೆಯುತ್ತಾನೆ, ಆಗಲೇ ಗಂಟಲು ತನ್ನಷ್ಟಕ್ಕೆ ತಾನು ಅದನ್ನು ಅಳತೆ ಹಾಕುತ್ತಿದೆ, ಛೀ, ನಿಲ್ಲು. ಹೊರಗೆ ದ್ರಾಕ್ಷಿ ಪಡ, ತಂತಿಯ ಮೇಲೆ ಬೋಳು ಬಳ್ಳಿ, ಫಸಲೆಲ್ಲ ಶೆಡ್ಡಿಗೆ ಹೋಗಿ ಒಣಗಿ ಈಗ ಆರಿಸುವ ಕೆಲಸ, ನಮ್ಮ ಶೆಡ್ಡು ಟಿಕೋಟಾದಿಂದ ಕಳ್ಳಕವಟಗಿಗೆ ಹೋಗುವ ದಾರಿಯಲ್ಲಿ, ಹಸಿರು ಜಾಳಿಗೆಯ ನೆರಳು, ಅದರಡಿ ಹೆಣ್ಣುಮಕ್ಕಳು ಕ್ರೇಟುಗಳ ಮುಂದೆ ಕೂತು ಕಡ್ಡಿ ತೆಗೆಯುತ್ತಾರೆ, ಕಪ್ಪು ಬಿದ್ದದ್ದನ್ನು ಬೇರೆ ಮಾಡುತ್ತಾರೆ, ಸಖೂಬಾಯಿ ಎಲ್ಲರಿಗಿಂತ ಹಿರಿಯಳು, ನಾನು ಆಯಿ ಅನ್ನುತ್ತೇನೆ, ಬೆರಳು ತಾನೇ ನೋಡುತ್ತದೆ ಆಕೆಗೆ, ಕಣ್ಣು ಊರೆಲ್ಲ ತಿರುಗುತ್ತಿರುತ್ತದೆ. ಊರಿಗೆ ಬಂದ ಮಾರನೆಯ ದಿನ, ಮಧ್ಯಾಹ್ನ, ಎಲ್ಲರೂ ರೊಟ್ಟಿ ಬಿಚ್ಚುವ ಹೊತ್ತು. ಆಫ್ರಿಕಾದಿಂದ ಏನ ತಂದೀಯೋ ತಮ್ಮಾ. ಹಾಡ ತಂದೇನಿ ಆಯಿ. ಹಾಡ ಯಾರಿಗಿ ಬೇಕೋ, ನಾಕ ಚಾಕಲೇಟ ತರಬಾರದ. ಲೇ ಜುಬ್ಯಾ, ಪಾಂಡು ಫೋನು ಎತ್ತಿ ಹಿಡಿದ, ನಾ ವಿಡಿಯೋ ಮಾಡಾಕತ್ತೇನಿ, ಹಚ್ಚು ನಿನ್ನ ಹಾಡ. ಖಂಡಪ್ಪನವರು ಕುರ್ಚಿಯಲ್ಲಿ. ನಾನು ಹಾಡು ಹಾಕಿದೆ, ಪ್ರಾಮಾಣಿಕವಾಗಿ ಹಾಕಿದೆ, ಏನೂ ಹೇಳಲಿಲ್ಲ, ಅಲ್ಲಿಯವರೆಗೆ ನಾನು ಮಾತು ಉಳಿಸಿಕೊಂಡವನೇ. ಒಂದು ನಿಮಿಷ ಮಾತು ಇತ್ತು, ಬಳೆಯ ಸದ್ದಿತ್ತು, ಆಮೇಲೆ ಕಡಿಮೆ ಆಯಿತು, ಆಮೇಲೆ ಇಲ್ಲ. ಎರಡು-ಹತ್ತಕ್ಕೆ ಆ ಖಾಲಿ ಜಾಗ ಬಂತು, ನಾಲ್ಕು ಎಣಿಕೆ, ಶೆಡ್ಡಿನಲ್ಲಿ ಜಾಳಿಗೆಯ ಗಾಳಿ ಮಾತ್ರ, ರೊಟ್ಟಿ ಮುರಿಯುವ ಕೈಗಳೂ ನಿಂತಿದ್ದವು. ಹಾಡು ಮುಗಿಯಿತು. ಸಖೂಬಾಯಿ ಕ್ರೇಟಿನ ಮೇಲೆ ಕೈಯೂರಿ ಕೇಳಿದಳು, ಯಾರ ತೀರಿಕೊಂಡಾರೋ ತಮ್ಮಾ ಇವನವರು.

ಅಷ್ಟೇ ಬೇಕಾಗಿತ್ತು. ಅದೇ ಉತ್ತರ. ಮುಟ್ಟಿದೆ ಲಾಸಿನಾ, ಮಣೂಕ ಆರಿಸುವ ಒಬ್ಬ ಮುದುಕಿಗೆ, ಫ್ರೆಂಚ್ ಅನ್ನುವುದು ಭಾಷೆಯೋ ಬಿಸ್ಕೀಟೋ ಗೊತ್ತಿಲ್ಲದವಳಿಗೆ ಮುಟ್ಟಿದೆ, ಇಷ್ಟು ಕಳಿಸಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಎಲ್ಲರೂ ಸುಮ್ಮನೆ ನನ್ನನ್ನೇ ನೋಡುತ್ತಿದ್ದರು, ಹದಿನೈದು ಜನ, ಮತ್ತು ನನಗೆ ಹಾಗೆ ಸುಮ್ಮನಿರುವವರನ್ನು ಕಂಡರೆ ಸಾಲಿಯ ಕಾಲದಿಂದಲೂ ಭಯ, ಪ್ಯಾಂಟಿನ ಹಿಂದೆ ಹರಿದದ್ದನ್ನು ಎಲ್ಲರೂ ಒಟ್ಟಿಗೆ ನೋಡಿದ ಹಾಗೆ, ಯಾರಾದರೂ ನಗುವತನಕ ಉಸಿರು ಕೆಳಗಿಳಿಯುವುದಿಲ್ಲ. ಯಾರೂ ಇಲ್ಲ ಆಯಿ, ಅಂದೆ, ಇವನ ಕೋಳಿ ಸತ್ತೈತಿ. ಯಾರೋ ಕಿಸಕ್ಕೆಂದರು. ಅಷ್ಟು ಸಾಕು ನನಗೆ, ಒಂದು ಕಿಸಕ್ ಸಿಕ್ಕರೆ ನಾನು ಆಳಲ್ಲ, ಅರಸ. ಎದ್ದೆ. ಲಾಸಿನಾನ ಗಂಟಲನ್ನು ಹೊರಗೆ ತೆಗೆದೆ, ಆ ಗುಳಗುಳ ರಕಾರ, ಆ ಮೂಗು, ಕುತ್ತಿಗೆಯನ್ನು ಒಂದು ಕಡೆ ವಾಲಿಸುವುದು, ಕಣ್ಣು ಮುಚ್ಚುವುದು, ಕೋಳಿ ಕಳಕೊಂಡವನ ಗೋಳು ಫ್ರೆಂಚಿನಲ್ಲಿ, ಅರ್ಥವಿಲ್ಲದ ಫ್ರೆಂಚಿನಲ್ಲಿ, ಹುಬೇಹೂಬು ಅವನೇ, ನಾನು ಮಾಡಿದ ಮಿಮಿಕ್ರಿಯಲ್ಲೆಲ್ಲ ಅದಕ್ಕಿಂತ ಚೆನ್ನಾಗಿ ಮಾಡಿದ್ದು ಇಲ್ಲ, ಅದೇ ನನ್ನ ನರಕಕ್ಕೆ ಸಾಕ್ಷಿ, ದ್ರಾಕ್ಷಿ ಊರಿನ ಸಾಕ್ಷಿ — ನಿಲ್ಲು ಅಂದೆನಲ್ಲ. ಮೇಲೆ ಹೋಗುತ್ತ ಹೋಗುತ್ತ ಆ ಜಾಗಕ್ಕೆ ಬಂದೆ. ಎರಡೂ ಕೈ ಎತ್ತಿದೆ, ಅಂಗೈಗೆ ಅಂಗೈ ಎದುರು, ಒಂದು ಗೇಣು. ಅಲ್ಲಿ ನಿಲ್ಲಬಹುದಾಗಿತ್ತು. ಒಂದು ಗೇಣು ಜಾಗವಿತ್ತು ನಿಲ್ಲುವುದಕ್ಕೆ. ಪಕ್, ಪಕ್, ಪಕ್, ಪಕ್, ಸತ್ತ ಕೋಳಿ ರೆಕ್ಕೆ ಬಡಿಯಿತು ನನ್ನ ಕೈಯಲ್ಲಿ, ಶೆಡ್ಡು ಸಿಡಿಯಿತು, ಪಾಂಡು ಹೋ ಹೋ ಅಂತ ಫೋನು ಅಲ್ಲಾಡಿಸಿದ, ಖಂಡಪ್ಪನವರು ಮೂಗಿನಿಂದ ನಕ್ಕರು, ಮತ್ತೊಮ್ಮೆ ಮಾಡೋ ಮತ್ತೊಮ್ಮೆ, ಮತ್ತೊಮ್ಮೆ ಮಾಡಿದೆ, ಈ ಸಲ ಎಲ್ಲರೂ ಕೈ ಎತ್ತಿ ಕಾದರು, ಎಲ್ಲರೂ ಒಟ್ಟಿಗೆ ನಾಲ್ಕು ತಟ್ಟಿದರು, ಮತ್ತು ಆ ನಗುವಿನಲ್ಲಿ ಎಲ್ಲರಿಗಿಂತ ಉದ್ದ ನಕ್ಕವಳು ಸಖೂಬಾಯಿ, ಆಕೆ ನಕ್ಕರೆ ಕೊನೆಗೆ ಕೆಮ್ಮು ಬರುತ್ತದೆ, ಖೊಕ್ ಖೊಕ್, ಸೆರಗಿನಿಂದ ಕಣ್ಣೊರೆಸಿಕೊಂಡು, ಸುಡುಗಾಡ, ನಾ ಯಾರೋ ಸತ್ತಾರ ಅಂದಕೊಂಡಿದ್ನಿ.

ವಾರ ಬಿಟ್ಟು ಲಾಸಿನಾನ ಪ್ರಶ್ನೆ ಬಂತು, ಹಾಕಿದೆಯಾ ತಮ್ಮಾ, ಏನಂದರು. ಪಾಂಡುವಿನ ವಿಡಿಯೋ ನನ್ನ ಫೋನಿಗೆ ತರಿಸಿಕೊಂಡೆ, ನಮ್ಮ ವಿಜಯಪುರದ ಆಫೀಸಿನಲ್ಲಿ, ಸ್ಟೇಷನ್ ರಸ್ತೆಯ ಆಟೋಗಳ ಹಾರ್ನಿನ ನಡುವೆ ಕೂತು ಕತ್ತರಿಸಿದೆ. ಸಖೂಬಾಯಿಯ ಪ್ರಶ್ನೆ ಕತ್ತರಿಸಿದೆ, ಯಾಕೆಂದರೆ ಅದರ ಬೆನ್ನಿಗೇ ನನ್ನ ಕೋಳಿ ಇತ್ತು, ಕೋಳಿ ಕತ್ತರಿಸಿದೆ, ನನ್ನ ಕಳ್ಳ ಫ್ರೆಂಚ್ ಕತ್ತರಿಸಿದೆ, ಚಿತ್ರ ತೆಗೆದು ಬರೀ ಸದ್ದು ಉಳಿಸಿದೆ, ಹನ್ನೊಂದು ಸೆಕೆಂಡು, ನಾಲ್ಕು ಚಪ್ಪಾಳೆ ಮತ್ತು ನಗು. ಎಲ್ಲರಿಗೂ ಬಹಳ ಖುಷಿಯಾಯಿತು ಅಂತ ಬರೆದೆ. ಅದು ಸುಳ್ಳಲ್ಲ, ಖುಷಿಯಾಗಿತ್ತು. ಆಮೇಲೆ ಅವನ ದನಿ, ಮೊದಲು ಬರೀ ಉಸಿರು, ಅದರ ಹಿಂದೆ ಟ್ಯಾಕ್ಸಿಯ ಎಂಜಿನ್ನು — ನಾಲ್ಕು. ನಾಲ್ಕು ತಟ್ಟಿದ್ದಾರೆ ತಮ್ಮಾ. ಆ ಜಾಗದ ನಾಲ್ಕೇ ಇವು, ಕೆಲವರು ಸ್ವಲ್ಪ ತಡವಾಗಿ, ಬಿಂತೂಳ ಹಾಗೆ. ನೀನು ಹೇಳಿದೆಯಾ ಅವರಿಗೆ. ನಾನು ಬರೆದೆ, ಇಲ್ಲ, ಬಿಂತೂಳ ಬಗ್ಗೆ ನಾನು ಒಂದು ಮಾತೂ ಹೇಳಲಿಲ್ಲ. ಇದೂ ಸುಳ್ಳಲ್ಲ. ಒಂದೂ ಸುಳ್ಳಾಡದೆ ಇಷ್ಟು ದೂರ ಬಂದ ಮನುಷ್ಯ ನಾನು. ಹಾಡೇ ಹೇಳಿದೆ ಹಾಗಾದರೆ, ಅಂದ ಅವನು, ಅಳುತ್ತಿದ್ದ, ಅವರು ನಗುತ್ತಿದ್ದಾರಲ್ಲ, ಅವಳೂ ತಟ್ಟಿ ನಗುತ್ತಿದ್ದಳು. ಅವತ್ತೇ ಹೇಳಬೇಕಿತ್ತು. ಅವತ್ತು ಹೇಳಿದ್ದರೆ ಹನ್ನೊಂದು ಸೆಕೆಂಡಿನ ತಪ್ಪು, ಇವತ್ತು ಮೂರು ನಿಮಿಷ ನಲವತ್ತರದು. ಆದರೆ ಅಷ್ಟರಲ್ಲಿ ಕೋಳಿ ನನಗಿಂತ ಮುಂದೆ ಹೋಗಿತ್ತು, ಪಾಂಡು ಸ್ಟೇಟಸ್ಸಿಗೆ ಹಾಕಿದ್ದ, ಬಬಲೇಶ್ವರಕ್ಕೆ ತಂಗಿ ಶಾಹೀನಳ ಅತ್ತೆಮನೆಗೆ ಈದಿಗೆ ಹೋದರೆ ಶೀರ್‌ಖುರ್ಮಾ ಬಟ್ಟಲು ಕೈಗೆ ಕೊಡುವ ಮೊದಲೇ, ಭಾಯಿ, ಆ ಕೋಳಿಯವನದು ಮಾಡಿ ತೋರ್ಸು, ನಮ್ಮ ಮಾವ ಕೇಳಾಕತ್ತಾರ. ಮಾಡಿ ತೋರಿಸಿದೆ. ನನ್ನ ಸ್ವಂತ ತಂಗಿಯ ಎದುರು. ಶಾಹೀನ ತನ್ನ ಮಗನ ಎರಡು ಪುಟ್ಟ ಕೈ ಹಿಡಿದು ತಟ್ಟಿಸಿದಳು, ಪಕ್ ಪಕ್ ಪಕ್ ಪಕ್, ಅವಳು ಚಿಕ್ಕವಳಿದ್ದಾಗ ನಾನು ಅಪ್ಪನ ದನಿ ತೆಗೆದರೆ ಬಾಗಿಲ ಹಿಂದೆ ಅಡಗುತ್ತಿದ್ದವಳು, ಅವಳ ನಗು ನೋಡುತ್ತ ನೋಡುತ್ತ ನನಗೆ ಬಂದರಿನ ಗೇಟು, ಎಣ್ಣೆಯ ಕಲೆ ಕಂಡಿತು, ಖುರ್ಮಾ ಬಿಟ್ಟು ನೀರು ಕುಡಿದೆ, ಖಾರಾ ಇಲ್ಲೋ ಭಾಯಿ ಅದು, ಸಿಹಿ ಐತಿ, ಯಾಕ ನೀರ ಕುಡ್ಯಾಕತ್ತಿ ಅಷ್ಟು.

ಯಾರೋ ಭುಜ ಮುಟ್ಟಿದರು. ಪಕ್ಕದ ಸೀಟಿನವನು, ಟವೆಲು ಸುತ್ತಿಕೊಂಡಿದ್ದಾನೆ. ನೀವು ಆ ಕೋಳಿ ಮಾಡಾವ್ರ ಅಲ್ಲೇನ್ರಿ. ಅಲ್ಲರಿ. ಹೌದ ನೋಡ್ರಿ, ಘೋಣಸಗ್ಯಾಗ ನಮ್ಮ ಹುಡುಗ್ರೆಲ್ಲಾ ನೋಡ್ಯಾರ, ಒಂದೀಟ ಮಾಡ್ರಿ, ದಾರಿ ಸಾಗತೈತಿ. ಗಂಟಲು ನೋಯಾಕತ್ತೈತಿ ಕಾಕಾ. ಬಿಡ್ರಿ ಹಂಗಾರ, ಬಿಸಿನೀರ ಕುಡೀರಿ, ಅಂದು ಅವನು ತಾನೇ ಎರಡು ಕೈ ಎತ್ತಿ ತನ್ನ ಮೊಣಕಾಲಿನ ಮೇಲೆ ಸಣ್ಣಗೆ ಬಡಿದುಕೊಂಡ, ನಾಲ್ಕು ಸಲ, ಕಿಟಕಿಯಾಚೆ ನೋಡುತ್ತ ನಕ್ಕ. ನಾನು ಹೋಗದ ಊರಿಗೂ ಬಿಂತೂಳ ನಾಲ್ಕು ಚಪ್ಪಾಳೆ ಹೋಗಿವೆ. ಇಯರ್‌ಫೋನು ಒಳಗೆ ಹಾಕಿದೆ. ಎರಡು-ಎಂಟು, ಎರಡು-ಒಂಬತ್ತು, ಈ ಸಲ ಕೀಳಲಿಲ್ಲ. ದನಿ ಮೇಲೆ ಹೋಗಿ ನಿಂತಿತು, ಮತ್ತು ನಾವು ಬಂದೆವು, ಅವನು ನಮ್ಮನ್ನು ಎಷ್ಟು ಪ್ರೀತಿಯಿಂದ ಕೂರಿಸಿದ್ದಾನೆ, ಸುತ್ತಲಿನ ಗಿಟಾರನ್ನು ತಗ್ಗಿಸಿ, ಮದುಮಗಳಿಗೆ ದಾರಿ ಬಿಡುವ ಹಾಗೆ ಜಾಗ ಬಿಟ್ಟು, ನಾಲ್ಕು ಚಪ್ಪಾಳೆ, ಪಾಂಡುವಿನ ಹೋ ಹೋ, ಖಂಡಪ್ಪನವರ ಮೂಗು, ಎಲ್ಲ ಮುಗಿದ ಮೇಲೂ ಒಂಟಿಯಾಗಿ ಉಳಿಯುವ ಆ ಖೊಕ್ ಖೊಕ್, ಆಮೇಲೆ ಅವನ ದನಿ, ಬಿಂತೂ. ಟಿಕೋಟಾ ಇಳ್ಯಾವ್ರು ಮುಂದ ಬರ್ರೀ.

ಶೆಡ್ಡಿಗೆ ನಡೆದೇ ಬಂದೆ, ಅರ್ಧ ತಾಸು, ಬಿಸಿಲು ಹೆಗಲ ಮೇಲೆ ಕೂತು ಬಂತು. ಜಾಳಿಗೆಯ ನೆರಳು, ಮಣೂಕದ ವಾಸನೆ, ಗಂಧಕದ ಒಗರು. ಪಾಂಡುವಿನ ಗಾಡಿ ಇಲ್ಲ, ಒಳ್ಳೆಯದಾಯಿತು. ಸಖೂಬಾಯಿ ಕ್ರೇಟಿನ ಮುಂದೆ. ಏನೋ ತಮ್ಮಾ, ಶುಕ್ರಾರ ದಿನ ಬಂದಿ, ಮಾರಿ ಯಾಕ ಹಂಗಾಗೇತಿ. ಆಯಿ, ಅವತ್ತ ನೀ ಒಂದ ಕೇಳಿದ್ದಿ, ನಾ ಹೇಳಲಿಲ್ಲ. ಏನ ಕೇಳಿದ್ನಿ. ಯಾರ ತೀರಿಕೊಂಡಾರ ಅಂತ. ಹೂಂ, ಕೋಳಿ ಅಂದೆಲ್ಲ. ಅವನ ತಂಗಿ, ಆಯಿ. ಆಕೆಯ ಬೆರಳು ನಿಂತಿತು, ನೋಡದೆಯೇ ನೋಡುವ ಬೆರಳು. ಹೇಳಿದೆ, ಲಾರಿ, ಬಾಳೆಕಾಯಿ, ನಾಲ್ಕು ಚಪ್ಪಾಳೆ, ಕತ್ತರಿ, ಇವತ್ತು ಸಂಜೆ ಅವನ ತಾಯಿಯ ಎದುರು, ಎಲ್ಲ ಹೇಳಿದೆ, ಯಾರ ದನಿಯನ್ನೂ ತೆಗೆಯದೆ, ಮಾತು ಎಷ್ಟು ಕಡಿಮೆ ಹಿಡಿಯಿತು ಅಂದರೆ ನನಗೇ ನಾಚಿಕೆಯಾಯಿತು. ಇಯರ್‌ಫೋನನ್ನು ಆಕೆಯ ಕಿವಿಗೆ ಇಟ್ಟೆ. ಆಕೆ ಕೇಳಿದಳು, ಕಣ್ಣು ನನ್ನ ಮೇಲೆಯೇ, ಎಷ್ಟು ಹೊತ್ತು, ಆಮೇಲೆ ಆಕೆಯ ಮುಖ ತನ್ನನ್ನೇ ಗುರುತು ಹಿಡಿದದ್ದು ಕಂಡಿತು. ಕಿವಿಯಿಂದ ತೆಗೆದು ಕ್ರೇಟಿನ ಮೇಲೆ ಇಟ್ಟಳು, ಕಪ್ಪು ಬಿದ್ದ ಮಣೂಕದ ಕಡೆಗೆ. ಅದು ನನ್ನ ಕೆಮ್ಮು. ಹೌದ ಆಯಿ. ಹಡದಾಕಿ ಮುಂದ ನಗಾಕತ್ತೇನೇನ ನಾ. ನನ್ನ ನಗಿ ತಗಿ ಅದರಾಗಿಂದ, ಅಂದಳು, ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು, ಮೊದಲ ಅದನ್ನ ತಗಿ, ನಾ ಕೇಳಿದ್ದನ್ನ ಹಾಕು, ನಗೂದನ್ನ ಹಾಕಬ್ಯಾಡ. ನಾ ಕೇಳಿದ್ನೋ ಇಲ್ಲೋ. ಕೇಳಿದ್ದಿ ಆಯಿ, ನೀನೊಬ್ಬಾಕೀನ ಕೇಳಿದಿ. ಮತ್ತ.

ಹೊರಗೆ ಬಂದೆ, ಖಾಲಿ ಕ್ರೇಟೊಂದನ್ನು ಬೋರಲು ಹಾಕಿ ಕೂತೆ. ನಾಲ್ಕೂವರೆ, ಅಲ್ಲಿ ಹನ್ನೊಂದು, ಅವನು ಅಂಗಳದಲ್ಲಿ ಚಾಪೆ ಹಾಸುತ್ತಿರಬೇಕು, ಸ್ಪೀಕರ್ ಡಬ್ಬಕ್ಕೆ ತಂತಿ ಜೋಡಿಸುತ್ತಿರಬೇಕು. ಹೇಳದಿದ್ದರೆ ಏನಾಗುತ್ತದೆ, ಏನೂ ಆಗುವುದಿಲ್ಲ, ಒಬ್ಬ ತಾಯಿ ಕೇಳಿ ಖುಷಿಪಡುತ್ತಾಳೆ, ಖುಷಿಯಾಗಲಿ ಬಿಡು, ಹೇಳುವುದು ನಿನ್ನ ಎದೆಯುರಿ ತಣಿಸಿಕೊಳ್ಳುವುದಕ್ಕೇ ತಾನೆ — ಈ ದನಿ ಯಾರದು, ಚೆನ್ನಾಗಿ ಬರುತ್ತದೆ ನನಗೆ ಇದು, ಬಹಳ ಸಭ್ಯ ದನಿ, ಒಂದೂ ಸುಳ್ಳಾಡದ ದನಿ. ಮೈಕಿನ ಗುರುತಿನ ಮೇಲೆ ಹೆಬ್ಬೆಟ್ಟು. ಒತ್ತಿದೆ. ಲಾಸಿನಾ, ಅಂದೆ, ನನ್ನ ಹರಕು ಇಂಗ್ಲಿಷಿನಲ್ಲಿ, ಅವರು ಬಿಂತೂಳಿಗಾಗಿ ತಟ್ಟಲಿಲ್ಲ, ನನಗಾಗಿ ತಟ್ಟಿದರು, ನಾನು ನಿನ್ನ ಹಾಗೆ ಹಾಡಿ ತೋರಿಸಿದೆ, ಕೋಳಿ ಸತ್ತಿದೆ ಅಂದೆ, ನಿನ್ನ ಕೈಗಳನ್ನು ಕೋಳಿಯ ರೆಕ್ಕೆ ಮಾಡಿದೆ, ಅವರ ತಪ್ಪಿಲ್ಲ, ಅವರಿಗೆ ಗೊತ್ತಿರಲಿಲ್ಲ, ನಿನ್ನ ಹಾಡು ಮುಟ್ಟಿತ್ತು, ನಾನು ಬಾಯಿ ತೆರೆಯುವ ಮೊದಲೇ ಮುಟ್ಟಿತ್ತು, ಒಬ್ಬ ಮುದುಕಿ ಕೇಳಿದಳು, ಯಾರು ತೀರಿಕೊಂಡರು ಇವನವರು ಅಂತ, ಅದನ್ನು ನಾನು ಕತ್ತರಿಸಿದೆ, ತನ್ನ ನಗು ತೆಗೆದುಬಿಡು ಅನ್ನುತ್ತಾಳೆ. ಬೆರಳು ಬಿಟ್ಟೆ. ಅದರ ಬೆನ್ನಿಗೆ ಪಾಂಡುವಿನ ವಿಡಿಯೋದಿಂದ ಆ ಒಂದೇ ಮಾತನ್ನು ತೆಗೆದು ಕಳಿಸಿದೆ, ಯಾರ ತೀರಿಕೊಂಡಾರೋ ತಮ್ಮಾ ಇವನವರು, ಮೂರು ಸೆಕೆಂಡು. ಎರಡು ಗೀಟು. ಎರಡೂ ನೀಲಿಯಾದವು. ಕೇಳುತ್ತಿದ್ದಾನೆ. ಜಾಳಿಗೆ ಗಾಳಿಗೆ ಉಬ್ಬಿತು, ಇಳಿಯಿತು. ಅವನ ಹೆಸರಿನ ಕೆಳಗೆ ಬಂತು, ಮಾತು ರೆಕಾರ್ಡ್ ಆಗುತ್ತಿದೆ ಅನ್ನುವ ಗುರುತು. ಹೋಯಿತು. ಒಳಗೆ ಮಣೂಕ ಕ್ರೇಟಿಗೆ ಬೀಳುವ ಸದ್ದು, ಸಖೂಬಾಯಿ ಮತ್ತೆ ಆರಿಸುತ್ತಿದ್ದಾಳೆ. ಗುರುತು ಮತ್ತೆ ಬಂತು, ಈ ಸಲ ಬಹಳ ಹೊತ್ತು, ಆರು, ಏಳು, ಎಂಟು ಎಣಿಸಿದೆ, ಅವನು ಬಾಯಿ ತೆರೆದಿದ್ದಾನೆ, ದನಿ ಮೇಲೆ ಹೋಗುತ್ತಿದೆ, ಗುರುತು ಹೋಯಿತು. ಫೋನಿನ ಬೆಳಕು ಆರಿತು, ಕಪ್ಪು ಗಾಜಿನಲ್ಲಿ ನನ್ನ ಮುಖ, ಅದರ ಹಿಂದೆ ಲಾಸಿನಾನ ಟ್ಯಾಕ್ಸಿಯೊಳಗಿನ ಆ ಸೆಕೆ, ಎಂಜಿನ್ ಆರಿದೆ, ಸ್ಟೀರಿಂಗಿನಿಂದ ಎರಡು ಕೈ ಮೇಲೆದ್ದಿವೆ, ಅಂಗೈಗೆ ಅಂಗೈ ಎದುರು, ನಡುವೆ ಒಂದು ಗೇಣು, ಒಂದು, ಎರಡು, ಮೂರು, ನಾಲ್ಕು, ಕೈಗಳು ಇಳಿಯುತ್ತಿಲ್ಲ,